ಸಾವಿನ ಭಯ, ಮರೆವಿನ ಭಯ: ಕಥೆಯಲ್ಲಿ ಎರಡನ್ನೂ ಎದುರುಬದುರು ನಿಲ್ಲಿಸುವ ಬಗೆ

ಸಾವಿನ ಕುರಿತ ಕಥೆಗಳು ಹೆಚ್ಚಾಗಿ ಸೋಲುವುದು ಎರಡು ಭಯಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುವುದರಿಂದ. ಉಸಿರು ನಿಲ್ಲುತ್ತದಲ್ಲ ಎಂಬ ಭಯ ಮೈಗೆ ಸೇರಿದ್ದು. ಅದಕ್ಕೆ ನೋವು, ಮಾತ್ರೆ, ಗಡಿಯಾರ ಎಲ್ಲ ಇವೆ; ಒಂಟಿಯಾಗಿ ಕೂತವರಿಗೂ ಅದು ಬರುತ್ತದೆ. ನಾನು ಇದ್ದೆ ಎಂಬುದೇ ಯಾರಿಗೂ ಗೊತ್ತಿಲ್ಲದಂತಾಗುತ್ತದಲ್ಲ ಎಂಬ ಭಯಕ್ಕೆ ಮಾತ್ರ ಬೇರೆಯವರು ಬೇಕೇ ಬೇಕು, ಯಾಕೆಂದರೆ ಮರೆಯುವವರು ಅವರು. ಬರೆಯಲು ಕೂರುವ ಮೊದಲು ಈ ಎರಡನ್ನೂ ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡರೆ ಮುಂದಿನ ಅರ್ಧ ಕೆಲಸ ತಾನಾಗಿ ಸಾಗುತ್ತದೆ.

ಬಿಡಿಸಿಕೊಳ್ಳಲು ಪ್ರತಿಯೊಂದು ಪಾತ್ರಕ್ಕೂ ಎರಡು ಪ್ರಶ್ನೆ ಕೇಳಿ. ‘ಇನ್ನೂ ಐವತ್ತು ವರ್ಷ ಬದುಕುತ್ತೀಯ, ಆದರೆ ಆಮೇಲೆ ನಿನ್ನ ಹೆಸರು ಹೇಳುವವರು ಒಬ್ಬರೂ ಇರುವುದಿಲ್ಲ, ಆಗಬಹುದಾ?’ ‘ಬರುವ ತಿಂಗಳು ಹೋಗುತ್ತೀಯ, ಆದರೆ ನಿನ್ನ ಹೆಸರು ಉಳಿಯುತ್ತದೆ, ಆಗಬಹುದಾ?’ ಉತ್ತರವನ್ನು ಆ ಪಾತ್ರದ ಮಾತಿನಲ್ಲೇ, ನಾಲ್ಕೈದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಈ ಸಾಲುಗಳು ಕಥೆಯೊಳಗೆ ಹೋಗುವುದಿಲ್ಲ. ಪಾತ್ರ ದಾರಿ ತಪ್ಪಿದಾಗ ತಿರುಗಿ ನೋಡಲು ಬೇಕಾಗುತ್ತವೆ.

ಇದು ಹಳೆಯ ಪ್ರಶ್ನೆಯೇ. ಹೋಮರನ ಗ್ರೀಕ್ ಮಹಾಕಾವ್ಯ ‘ಇಲಿಯಡ್’ನ 9ನೆಯ ಭಾಗದಲ್ಲಿ ವೀರ ಅಕಿಲೀಸನ ಮುಂದೆ ಇರುವುದು ಇವೇ ಎರಡು ದಾರಿ: ಯುದ್ಧದಲ್ಲಿ ಉಳಿದರೆ ಬೇಗ ಸಾವು, ಅಳಿಯದ ಕೀರ್ತಿ; ಮನೆಗೆ ಮರಳಿದರೆ ಕೀರ್ತಿಯಿಲ್ಲ, ದೀರ್ಘಾಯುಸ್ಸು. ಹೋಮರನದೇ ‘ಒಡಿಸ್ಸಿ’ಯ 11ನೆಯ ಭಾಗದಲ್ಲಿ ಅದೇ ಅಕಿಲೀಸ್ ಸತ್ತವರ ಲೋಕದಲ್ಲಿ ಸಿಗುತ್ತಾನೆ. ಸತ್ತವರಿಗೆಲ್ಲ ಅರಸನಾಗಿರುವುದಕ್ಕಿಂತ ಬಡವನ ಹೊಲದಲ್ಲಿ ಕೂಲಿಯಾಗಿ ಬದುಕಿರುವುದೇ ಲೇಸು ಎನ್ನುತ್ತಾನೆ. ಬರೆಯುವವರು ಗಮನಿಸಬೇಕಾದ್ದು ಅದರ ಮರುಗಳಿಗೆಯನ್ನು. ಅಷ್ಟು ಹೇಳಿದವನು ತನ್ನ ಮಗ ಹೇಗಿದ್ದಾನೆ, ಅಪ್ಪ ಹೇಗಿದ್ದಾನೆ ಎಂದು ಕೇಳುತ್ತಾನೆ. ಮಗ ಯುದ್ಧದಲ್ಲಿ ಹೆಸರು ಮಾಡಿದನೆಂದು ಕೇಳಿ ಹಿಗ್ಗಿ ಹೆಜ್ಜೆ ಹಾಕುತ್ತ ಹೋಗುತ್ತಾನೆ. ಕೀರ್ತಿ ಬೇಡವೆಂದವನಿಗೆ ಮಗನ ಕೀರ್ತಿ ಬೇಕು. ನಿಲುವು ಕಲ್ಲಿನಂತಿರಬಾರದು, ಪಾತ್ರ ನಿಂತ ಜಾಗ ಬದಲಾದರೆ ಉತ್ತರವೂ ಕದಲಬೇಕು.

ಜೋಡಿಯನ್ನು ಆರಿಸುವುದು

ಎರಡು ಭಯಗಳಿಂದ ನಾಲ್ಕು ಬಗೆಯ ಪಾತ್ರಗಳು ಹುಟ್ಟುತ್ತವೆ: ಎರಡಕ್ಕೂ ಹೆದರುವವರು, ಎರಡಕ್ಕೂ ಹೆದರದವರು, ಸಾವಿಗಷ್ಟೇ ಹೆದರುವವರು, ಮರೆವಿಗಷ್ಟೇ ಹೆದರುವವರು. ಹೊಸಬರು ಬಹುಮಟ್ಟಿಗೆ ಮೊದಲ ಎರಡನ್ನು ಜೋಡಿ ಮಾಡುತ್ತಾರೆ. ಹಾಗೆ ಮಾಡಿದ ಕೂಡಲೇ ಒಬ್ಬರು ಗುರು, ಇನ್ನೊಬ್ಬರು ಶಿಷ್ಯ; ಕಥೆ ಪ್ರವಚನವಾಗುತ್ತದೆ. ಕೊನೆಯ ಎರಡನ್ನು ಎದುರು ಕೂರಿಸಿ ನೋಡಿ. ಒಬ್ಬರಲ್ಲಿ ಇರುವ ಧೈರ್ಯ ಇನ್ನೊಬ್ಬರಲ್ಲಿ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕಂಡು ‘ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಒದ್ದಾಡುತ್ತೀಯ’ ಅಂದುಕೊಳ್ಳುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇರುತ್ತದೆ.

ಐದನೆಯ ಬಗೆಯೂ ಒಂದಿದೆ, ಅದನ್ನು ಬಳಸುವವರು ಕಡಿಮೆ: ತನ್ನನ್ನು ಮರೆತುಬಿಡಲಿ ಎಂದು ಬಯಸುವವರು. ಪತ್ರಗಳನ್ನು ಸುಡುವವರು, ಗುಂಪಿನ ಫೋಟೊದಲ್ಲಿ ಹಿಂದೆ ಸರಿದು ನಿಲ್ಲುವವರು. ಅವಮಾನವೋ ಆಯಾಸವೋ ಕಾರಣವಾಗಿರಬಹುದು. ಇವರ ಎದುರಿಗೆ ಇವರನ್ನು ಮರೆಯಲಾರದ ಒಬ್ಬರನ್ನು ತಂದರೆ ಅದೇ ಒಂದು ಕಥೆ.

ನಿಲುವಿಗೆ ಕಾರಣ ಬೇಕು, ಆದರೆ ಒಂದೇ ಸಾಕು, ಅದೂ ಕಣ್ಣಿಗೆ ಕಾಣುವಂಥದ್ದು. ಹನ್ನೆರಡನೇ ವಯಸ್ಸಿನಲ್ಲಿ ಒಂದು ರಾತ್ರಿಯಿಡೀ ಯಾರದೋ ಹಾಸಿಗೆಯ ಪಕ್ಕ ಉಸಿರು ಎಣಿಸುತ್ತ ಕೂತದ್ದು ಸಾವಿನ ಭಯಕ್ಕೆ ಸಾಕು. ಕೊನೆಗಾಲದಲ್ಲಿ ಅಮ್ಮ ತನ್ನನ್ನು ಬೇರೆ ಯಾರದೋ ಹೆಸರಿನಿಂದ ಕರೆದದ್ದು ಮರೆವಿನ ಭಯಕ್ಕೆ ಸಾಕು. ಎರಡು ಕಾರಣ ಕೊಟ್ಟರೆ ಓದುಗರಿಗೆ ಸಮಜಾಯಿಷಿ ಕೇಳಿದಂತಾಗುತ್ತದೆ. ಆ ಕಾರಣವನ್ನೂ ಕಥೆ ಮೂರರಲ್ಲಿ ಎರಡು ಪಾಲು ಮುಗಿಯುವ ತನಕ ಬಿಟ್ಟುಕೊಡಬೇಡಿ.

ವಾದ ಬೇಡ, ಕೈಗೆ ಕೆಲಸ ಕೊಡಿ

ಅಕ್ಕ–ತಂಗಿಯ ಒಂದು ಜೋಡಿ ತೆಗೆದುಕೊಳ್ಳೋಣ. ಅಕ್ಕನಿಗೆ ಕಾಯಿಲೆ, ಕೆಲವೇ ತಿಂಗಳು ಉಳಿದಿದೆ. ಸಾವಿಗೆ ಅವಳು ಹೆದರಿಲ್ಲ, ಮರೆವಿಗೆ ಹೆದರಿದ್ದಾಳೆ. ತಂಗಿಯದು ಇದರ ತದ್ವಿರುದ್ಧ. ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

“ಸಾವಿಗೆ ನಾನು ಹೆದರುವುದಿಲ್ಲ. ಎಲ್ಲರೂ ನನ್ನನ್ನು ಮರೆತುಬಿಡುತ್ತಾರೆ ಅನ್ನುವುದೇ ನನ್ನ ಚಿಂತೆ” ಎಂದಳು ಅಕ್ಕ.
“ನೆನಪು ಯಾರಿಗೆ ಬೇಕು? ನೀನು ಇರಬೇಕು, ಅಷ್ಟೇ” ಎಂದಳು ತಂಗಿ.

ಇಲ್ಲಿ ತಪ್ಪು ವಾಕ್ಯ ಒಂದೂ ಇಲ್ಲ. ಆದರೆ ಎರಡು ಸಾಲಿನಲ್ಲಿ ಎಲ್ಲ ಮುಗಿದುಹೋಯಿತು. ಓದುಗರು ಕಂಡುಹಿಡಿಯುವುದಕ್ಕೆ ಏನೂ ಉಳಿಯಲಿಲ್ಲ. ಇದೇ ಭೇಟಿಗೆ ಒಂದು ವಸ್ತು, ಒಂದು ಕೆಲಸ ಕೊಟ್ಟರೆ:

ಅಕ್ಕ ಫೋಟೊ ಬೋರಲು ಹಾಕಿ, ಪೆನ್ಸಿಲ್ ಒತ್ತದೆ ಬರೆದಳು. ಇದು ಹದಿನೇಳನೆಯದು.
“ಬಾಗಿಲ ಹತ್ತಿರ ನಿಂತಿದಾರಲ್ಲ, ಯಾರೇ ಇವರು?”
ತಂಗಿ ಫೋಟೊ ನೋಡಲಿಲ್ಲ. ಮಾತ್ರೆ ಹಾಳೆಯ ಖಾಲಿ ಗುಳಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು. “ಮಧ್ಯಾಹ್ನದ್ದು ನೀನು ತಗೊಂಡೇ ಇಲ್ಲ.”
“ತಗೋತೀನಿ ಬಿಡು. ಯಾರು ನೋಡು ಇದು.”
“ಯಾರಾದರೇನು. ಮೊದಲು ನೀರು ಕುಡಿ.”
ಅಕ್ಕ ಫೋಟೊದ ಬೆನ್ನಿಗೆ ‘ಬಾಗಿಲ ಹತ್ತಿರ’ ಎಂದು ಬರೆದು, ಮುಂದೆ ಜಾಗ ಬಿಟ್ಟಳು. ಒಂದು ಹೆಸರು ಹಿಡಿಸುವಷ್ಟು.

ಸಾವು ಎಂಬ ಪದ ಇಲ್ಲಿ ಬಂದಿಲ್ಲ. ಮಾತ್ರೆಯ ಹಾಳೆ ತಂಗಿಯ ಭಯ, ಬಿಟ್ಟ ಜಾಗ ಅಕ್ಕನದು. ಇಬ್ಬರೂ ಎಣಿಸುತ್ತಿದ್ದಾರೆ, ಎಣಿಸುವ ವಸ್ತು ಮಾತ್ರ ಬೇರೆ. ಪೆನ್ಸಿಲ್ ಒತ್ತದೆ ಬರೆದಳು ಎಂಬುದೂ ಸುಮ್ಮನೆ ಬಂದದ್ದಲ್ಲ. ಹಳೆಯ ಫೋಟೊದ ಬೆನ್ನಿಗೆ ಒತ್ತಿ ಬರೆದರೆ ಅಕ್ಷರ ಮುಂಭಾಗದಲ್ಲಿ ಉಬ್ಬುತ್ತದೆ, ಪೆನ್ನಿನ ಶಾಯಿ ಕಾಲಕ್ರಮೇಣ ಆಚೆ ಇಳಿಯಬಹುದು. ಹೆಸರನ್ನು ಉಳಿಸಲು ಹೊರಟವಳಿಗೆ ಇದು ಗೊತ್ತಿರುತ್ತದೆ. ಹೊಸ ಕಾಲದ ನುಣುಪು ಫೋಟೊಗಳ ಬೆನ್ನಿಗೆ ಪೆನ್ಸಿಲ್ ಹತ್ತುವುದೇ ಇಲ್ಲ, ಆದ್ದರಿಂದ ಕಥೆಯ ಫೋಟೊ ಯಾವ ಕಾಲದ್ದೆಂದು ಬರೆಯುವವರು ತೀರ್ಮಾನಿಸಿರಬೇಕು. ನೀವು ಯಾವ ವಸ್ತು ಆರಿಸಿದರೂ ಅದರ ಕೆಲಸ ಇಷ್ಟರ ಮಟ್ಟಿಗೆ ಗೊತ್ತಿರಲಿ.

ವಸ್ತು ಆರಿಸುವಾಗ ಮೂರು ಗುಣ ನೋಡಿ. ಇಬ್ಬರೂ ಅದನ್ನು ಮುಟ್ಟುವಂತಿರಬೇಕು. ಅದು ಒಬ್ಬರ ನಂತರವೂ ಉಳಿಯಬೇಕು. ಉಳಿದ ಮೇಲೆ ಅದರ ಅರ್ಥ ಬದಲಾಗುವಂತಿರಬೇಕು. ಸ್ಮಾರಕ, ಸಮಾಧಿ, ಉಯಿಲು ಇವೆಲ್ಲ ಮೂರನೆಯದರಲ್ಲಿ ಸೋಲುತ್ತವೆ. ಅವು ನೆನಪಿಗಾಗಿಯೇ ಹುಟ್ಟಿದವು, ಅವುಗಳಿಂದ ಹೊಸದೇನೂ ಹೊರಡುವುದು ಕಷ್ಟ.

ಎರಡು ನಿಲುವುಗಳನ್ನು ಒಂದೇ ಕೋಣೆಯಲ್ಲಿ, ಕೈಕೆಲಸದಲ್ಲಿ ತೋರಿಸುವುದನ್ನು ಕಲಿಯಲು ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’ (1886) ಒಳ್ಳೆಯ ಪಾಠ. ಮನೆಯವರೆಲ್ಲ ಅವನು ಸಾಯುತ್ತಿಲ್ಲ ಎಂಬಂತೆ ನಡೆದುಕೊಳ್ಳುತ್ತಾರೆ. ಗೆರಾಸಿಮ್ ಎಂಬ ಹಳ್ಳಿಯ ಹುಡುಗ, ಆ ಮನೆಯ ಆಳು, ಯಜಮಾನನ ಕಾಲುಗಳನ್ನು ತನ್ನ ಹೆಗಲ ಮೇಲೆ ಎತ್ತಿ ಹಿಡಿದು ಗಂಟೆಗಟ್ಟಲೆ ಕೂರುತ್ತಾನೆ, ಹಾಗೆ ಕೂತರೆ ನೋವು ಕಡಿಮೆ ಅನಿಸುತ್ತದೆಂದು. ಎಲ್ಲರೂ ಸಾಯುವವರೇ, ಇಷ್ಟು ಮಾಡಿದರೇನಂತೆ ಎಂಬುದು ಅವನ ಮಾತು. ಅವನ ಪೂರ್ತಿ ನಿಲುವು ಆ ಹೆಗಲಲ್ಲಿದೆ. ಆ ಮಾತನ್ನು ಕಾಲು ಎತ್ತಿ ಹಿಡಿಯದ ಪಾತ್ರದ ಬಾಯಲ್ಲಿ ಇಟ್ಟು ನೋಡಿ, ಟೊಳ್ಳಾಗಿ ಕೇಳಿಸುತ್ತದೆ.

ಮರೆವನ್ನು ತೋರಿಸುವುದು

ಸಾವಿಗೆ ಒಂದು ಗಳಿಗೆ ಇದೆ, ದೃಶ್ಯ ಕಟ್ಟಬಹುದು. ಮರೆವಿಗೆ ಗಳಿಗೆಯಿಲ್ಲ. ಯಾರೂ ‘ಇಂದು ಸಂಜೆ ಮರೆತೆ’ ಎನ್ನುವುದಿಲ್ಲ. ಈ ಬಗೆಯ ಕಥೆಯಲ್ಲಿ ನಿಜವಾಗಿ ಕಷ್ಟದ ಭಾಗ ಇದೇ.

ಮಹಾಭಾರತದ ವನಪರ್ವದಲ್ಲಿ ಇಂದ್ರದ್ಯುಮ್ನನ ಉಪಾಖ್ಯಾನ ಬರುತ್ತದೆ. ಭೂಮಿಯಲ್ಲಿ ಕೀರ್ತಿ ಅಳಿದದ್ದರಿಂದ ಆ ರಾಜ ಸ್ವರ್ಗದಿಂದ ಕೆಳಗೆ ಬೀಳುತ್ತಾನೆ. ನನ್ನನ್ನು ಬಲ್ಲಿರಾ ಎಂದು ಮಾರ್ಕಂಡೇಯನನ್ನು ಕೇಳುತ್ತಾನೆ, ಅವನಿಗೆ ಗೊತ್ತಿಲ್ಲ. ಅವನಿಗಿಂತ ಹಳೆಯದಾದ ಗೂಬೆಗೂ ಗೊತ್ತಿಲ್ಲ. ಅದಕ್ಕಿಂತ ಹಳೆಯದಾದ, ನಾಡೀಜಂಘ ಎಂಬ ಕೊಕ್ಕರೆಗೂ ಗೊತ್ತಿಲ್ಲ. ಆ ಕೊಕ್ಕರೆ ಇರುವುದು ಇಂದ್ರದ್ಯುಮ್ನ ಎಂಬ ಹೆಸರಿನ ಸರೋವರದಲ್ಲೇ! ಕೊನೆಗೆ ಅದೇ ಸರೋವರದ ಆಮೆ ಅಕೂಪಾರ ಕಣ್ಣೀರು ತುಂಬಿ ಗುರುತಿಸುತ್ತದೆ. ಈ ರಾಜ ದಾನ ಕೊಟ್ಟ ಹಸುಗಳ ಗೊರಸು ತುಳಿದು ಆದ ಸರೋವರ ಇದು ಎನ್ನುತ್ತದೆ. ಹೆಸರು ಉಳಿದಿದೆ, ಹೆಸರಿನೊಳಗೇ ವಾಸ ನಡೆದಿದೆ, ಆದರೂ ಮನುಷ್ಯ ಮರೆತುಹೋಗಿದ್ದಾನೆ. ಮರೆವನ್ನು ಇಷ್ಟು ನಿಖರವಾಗಿ ತೋರಿಸಿದ ಇನ್ನೊಂದು ಪ್ರಸಂಗ ಸಿಗುವುದು ಕಷ್ಟ.

ಅದರಿಂದ ಎತ್ತಿಕೊಳ್ಳಬೇಕಾದ ತಂತ್ರ ಸರಪಳಿ. ಕಥೆ ಬರೆಯುವ ಮೊದಲು ಒಂದು ನೆನಪಿನ ಲೆಕ್ಕ ಹಾಕಿ. ಐದು ಜನರ ಹೆಸರು ಬರೆದು, ಹೋದವರ ಬಗ್ಗೆ ಒಬ್ಬೊಬ್ಬರಿಗೂ ಏನು ನೆನಪಿದೆ, ಅದರಲ್ಲಿ ತಪ್ಪು ಯಾವುದು, ಆ ವ್ಯಕ್ತಿ ಕಥೆಯಿಂದ ಯಾವಾಗ ಹೊರಗೆ ಹೋಗುತ್ತಾರೆ ಎಂದು ಗುರುತು ಹಾಕಿ. ಒಬ್ಬರಿಗೆ ದನಿ ನೆನಪಿದ್ದರೆ ಇನ್ನೊಬ್ಬರಿಗೆ ಸಾಲ ನೆನಪಿರಲಿ. ನೆನಪು ಪೂರ್ತಿ ಅಳಿಯುವ ಮೊದಲು ತಪ್ಪಾಗುತ್ತದೆ. ತಪ್ಪನ್ನು ತಿದ್ದುವವರು ಒಬ್ಬರು ಇರುವವರೆಗೆ ನೆನಪು ಬದುಕಿದೆ. ತಿದ್ದಬೇಕಾದವರು ಸುಮ್ಮನೆ ತಲೆಯಾಡಿಸುವ ಗಳಿಗೆಯೇ ನೀವು ಹುಡುಕುತ್ತಿರುವ ದೃಶ್ಯ.

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇದಕ್ಕೊಂದು ಹದವಾದ ಉಪಕರಣ ಇದೆ: ‘ಅಂತೆ’. ‘ಅಕ್ಕ ಹೀಗೆ ಹೇಳ್ತಾಳೆ’, ‘ಅಕ್ಕ ಹೀಗೆ ಹೇಳ್ತಿದ್ದಳು’, ‘ದೊಡ್ಡಮ್ಮ ಹೀಗೆ ಹೇಳ್ತಿದ್ದರಂತೆ’, ‘ಯಾರೋ ಹೀಗೆ ಹೇಳಿದ್ದರಂತೆ’. ನಾಲ್ಕು ವಾಕ್ಯದಲ್ಲಿ ಬದುಕಿದ್ದವಳು ಹೋದಳು, ಕಂಡವರಿಂದ ಕೇಳಿದವರಿಗೆ ದಾಟಿದಳು, ಕೊನೆಗೆ ‘ಯಾರೋ’ ಆದಳು. ವಿವರಣೆ ಒಂದೂ ಬೇಕಾಗಲಿಲ್ಲ. ಈ ಮೆಟ್ಟಿಲುಗಳನ್ನು ಕಥೆಯ ಉದ್ದಕ್ಕೂ ದೂರ ದೂರ ಇಡಿ. ಒಂದೇ ಪುಟದಲ್ಲಿ ಎರಡು ಬಂದರೆ ತಂತ್ರ ಬಯಲಾಗುತ್ತದೆ.

ಮಾತಿನಲ್ಲೇ ನಿಲುವು

ಸಾಯುವುದಕ್ಕೆ ಕನ್ನಡದಲ್ಲಿ ಎಷ್ಟೊಂದು ಮಾತುಗಳಿವೆ: ಹೋದರು, ತೀರಿಕೊಂಡರು, ಕಾಲವಾದರು, ನಿಧನರಾದರು, ಸತ್ತರು. ಪಾತ್ರಕ್ಕೊಂದು ಆರಿಸಿಕೊಟ್ಟು ಕೊನೆಯವರೆಗೂ ಅದನ್ನೇ ಕಾಯ್ದುಕೊಳ್ಳಿ. ನಮ್ಮ ಅಕ್ಕ ನೇರವಾಗಿ ‘ನಾನು ಸತ್ತ ಮೇಲೆ ಈ ಪೆಟ್ಟಿಗೆ ಮಾಡಿನ ಮೇಲೆ ಹಾಕಬೇಡ’ ಎನ್ನುತ್ತಾಳೆ. ತಂಗಿ ‘ಬಿಡ್ತು ಅನ್ನೇ’ ಎಂದು ಗದರುತ್ತಾಳೆ. ಡಾಕ್ಟರ ಹತ್ತಿರ ಮಾತಾಡುವಾಗ ‘ಏನಾದರೂ ಹೆಚ್ಚುಕಮ್ಮಿ ಆದರೆ’ ಎನ್ನುವುದಕ್ಕಿಂತ ಮುಂದೆ ಹೋಗುವುದಿಲ್ಲ. ಅಕ್ಕ ಹೋಗಿ ಎಷ್ಟೋ ಕಾಲದ ಮೇಲೆ ಒಂದು ಸಲ, ಒಂದೇ ಸಲ, ತಂಗಿಯ ಬಾಯಲ್ಲಿ ‘ಸತ್ತಳು’ ಬಂದರೆ ಓದುಗರು ಬೆಚ್ಚುತ್ತಾರೆ.

ಮರೆಯುವುದರಲ್ಲೂ ಹೀಗೇ ಪದರಗಳಿವೆ. ‘ಮರೆತೆ’ ಎಂದವರು ತಪ್ಪನ್ನು ಹೊತ್ತುಕೊಂಡರು. ‘ಮರೆತುಹೋಯಿತು’ ಎಂದವರು ತಪ್ಪನ್ನು ಯಾರ ಮೇಲೂ ಹಾಕಲಿಲ್ಲ, ಅದು ತಾನಾಗಿ ಆಯಿತು. ಮರೆವಿಗೆ ಹೆದರುವ ಪಾತ್ರ ‘ನನ್ನನ್ನು ಮರೀತೀರಿ’ ಎಂದು ದೂರಲಿ. ಮರೆಯುವವರು ‘ಮರೆತೇಹೋಗಿತ್ತು ನೋಡಿ’ ಎನ್ನಲಿ. ಇಬ್ಬರ ನಡುವಿನ ಅಂತರ ಇಷ್ಟರಲ್ಲೇ ಕಾಣುತ್ತದೆ.

ಸಾವನ್ನು ಎಲ್ಲಿ ಇಡಬೇಕು

ಮೂರು ಸಾವಿರ ಪದದ ಕಥೆಯಾದರೆ ಸಾವು 1,200ರಿಂದ 1,800ನೆಯ ಪದದೊಳಗೆ ಮುಗಿದಿರಲಿ. ಕೊನೆಯ ಪುಟದಲ್ಲಿ ಸಾವು ಬಂದರೆ ಮರೆವಿಗೆ ಜಾಗವೇ ಇರುವುದಿಲ್ಲ. ಮರೆವಿನ ಭಯ ಬರೀ ಮಾತಾಗಿ ಉಳಿಯುತ್ತದೆ, ಅದು ನಿಜವಾಯಿತೋ ಸುಳ್ಳಾಯಿತೋ ಯಾರಿಗೂ ಗೊತ್ತಾಗುವುದಿಲ್ಲ. ಸಾವಿನ ನಂತರ ಮೂರು ಭೇಟಿ ಸಾಕು: ಮರುದಿನ, ಆರು ತಿಂಗಳ ಮೇಲೆ, ಹನ್ನೆರಡು ವರ್ಷದ ಮೇಲೆ. ಅವಕ್ಕೆ 600, 300, 120 ಪದ ಕೊಡಿ. ಹೇಳುವುದು ಕಡಿಮೆಯಾಗುತ್ತ ಹೋಗುವುದೇ ಓದುಗರ ಮೈಗೆ ತಾಗುವ ಮರೆವು.

ಸಾವಿನಿಂದಲೇ ಶುರು ಮಾಡುವ ದಾರಿಯೂ ಇದೆ. ಇವಾನ್ ಇಲಿಚ್‌ನ 12 ಅಧ್ಯಾಯಗಳಲ್ಲಿ ಮೊದಲನೆಯದು ತೆರೆಯುವುದೇ ಅವನು ಸತ್ತ ಸುದ್ದಿಯಿಂದ. ಜೊತೆಗೆ ಕೆಲಸ ಮಾಡಿದವರು ಅದನ್ನು ಪತ್ರಿಕೆಯಲ್ಲಿ ಓದಿ, ತೆರವಾದ ಹುದ್ದೆ ಯಾರಿಗೆ ಸಿಗುತ್ತದೆ, ವರ್ಗಾವಣೆ ಹೇಗಾಗುತ್ತದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಅವರು ಕೆಟ್ಟವರಲ್ಲ, ಕೆಲಸವಿರುವವರು. ಮರೆವು ಮೊದಲೇ ಆಗಿಹೋಗಿರುವುದರಿಂದ ಆಮೇಲೆ ಅವನ ಬದುಕನ್ನು ಓದುವಾಗ ಪ್ರತಿಯೊಂದು ಆಸೆಯ ತೂಕವೂ ಬೇರೆಯಾಗುತ್ತದೆ.

ಕೆಡುವ ಜಾಗಗಳು

ಮರೆತವರನ್ನು ಕೃತಘ್ನರನ್ನಾಗಿ ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮಕ್ಕಳು ಕಟುಕರಾದರೆ ಕಥೆ ಮರೆವಿನ ಬಗ್ಗೆ ಉಳಿಯುವುದಿಲ್ಲ, ಮಕ್ಕಳ ಬಗ್ಗೆ ಆಗುತ್ತದೆ. ಮರೆಯುವವರ ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಒಂದು ಸಲ ಬರೆದು ನೋಡಿ. ಅದರಲ್ಲಿ ನೆನೆಯಲು ಎಲ್ಲಿ ಪುರುಸೊತ್ತಿತ್ತು ಎಂದು ನಿಮಗೇ ತಿಳಿಯುತ್ತದೆ.

ಸಾಯುವವರಿಗೆ ಹತ್ತು ಸಾಲಿನ ಮಾತು ಕೊಡುವುದು ಇನ್ನೊಂದು. ಕೊನೆಯ ದಿನಗಳಲ್ಲಿ ನಿದ್ದೆ, ಮಂಪರೇ ಹೆಚ್ಚು. ಮಾತು ಒಂದೆರಡು ಪದಕ್ಕೆ ಇಳಿಯುತ್ತದೆ, ಉಸಿರಿನ ನಡುವೆ ಬಿಡುವು ಬೀಳುತ್ತದೆ. ಹೇಳಿಸಬೇಕಾದ್ದನ್ನು ವಾರಗಳ ಮೊದಲೇ, ಬೇರೆ ಯಾವುದೋ ಕೆಲಸದ ನಡುವೆ ಹೇಳಿಸಿ. ಅರಳುಮರಳಿನ ಪಾತ್ರ ಬರೆಯುವಾಗಲೂ ಇದೇ ಎಚ್ಚರ ಬೇಕು. ಸಾಮಾನ್ಯವಾಗಿ ಮೊದಲು ಜಾರುವುದು ಇತ್ತೀಚಿನ ಸಂಗತಿ. ಬಾಲ್ಯದ ನೆನಪು, ಕೈಗೆ ರೂಢಿಯಾದ ಕೆಲಸ, ಹಾಡು ಬಹಳ ಕಾಲ ಉಳಿಯುತ್ತವೆ. ಬೆಳಿಗ್ಗೆ ಗುರುತಿಸಿದವರು ಸಂಜೆ ಗುರುತಿಸದಿರಬಹುದು. ಎಲ್ಲವೂ ಒಂದೇ ಸಮನೆ ಅಳಿಸಿಹೋದಂತೆ ಬರೆದರೆ ಹತ್ತಿರದಿಂದ ಕಂಡ ಓದುಗರು ಅಲ್ಲೇ ಪುಸ್ತಕ ಮುಚ್ಚುತ್ತಾರೆ.

ಕಥೆ ಹೇಳುವವರು ಯಾರು ಎಂಬುದನ್ನು ಕಡೆಗಣಿಸುವುದು ಕಣ್ಣಿಗೆ ಬೀಳದ ತಪ್ಪು. ತಂಗಿಯೇ ನಿರೂಪಕಿಯಾಗಿ ಪ್ರತಿಯೊಂದು ವಿವರವನ್ನೂ ಹೇಳುತ್ತಿದ್ದರೆ ಅಕ್ಕ ಮರೆತುಹೋಗಲೇ ಇಲ್ಲವಲ್ಲ! ಎಲ್ಲ ಬಲ್ಲ ನಿರೂಪಕರೂ ಹಾಗೆಯೇ, ಮರೆವನ್ನು ಸುಳ್ಳು ಮಾಡುತ್ತಾರೆ. ನಿರೂಪಣೆಯಲ್ಲೇ ಒಂದು ಸೋರಿಕೆ ಇಡಿ. ಮೊದಲ ದೃಶ್ಯದಲ್ಲಿ ಬಾಗಿಲ ಹತ್ತಿರ ನಿಂತಿದ್ದವರು ಕೊನೆಯ ದೃಶ್ಯದಲ್ಲಿ, ತಂಗಿಯ ಮಾತಿನಲ್ಲಿ, ಕಿಟಕಿಯ ಹತ್ತಿರ ನಿಂತಿರಲಿ. ಯಾರೂ ತಿದ್ದಬಾರದು. ಸರಿಯಾದದ್ದು ಓದುಗರಿಗೆ ಮಾತ್ರ ಗೊತ್ತಿರುತ್ತದೆ, ಆ ಭಾರ ಅವರದಾಗುತ್ತದೆ.

ಮರೆವಿಗೆ ಹೆದರಿದ ಪಾತ್ರಕ್ಕೆ ಕೊನೆಯಲ್ಲಿ ಬಹುಮಾನ ಕೊಡುವ ಚಪಲವನ್ನೂ ತಡೆಯಬೇಕು. ಮೊಮ್ಮಗುವಿಗೆ ಅದೇ ಹೆಸರಿಟ್ಟರು, ಆಕೆಯ ಡೈರಿ ಅಚ್ಚಾಯಿತು ಎಂಬಲ್ಲಿಗೆ ಕಥೆ ಮುಗಿದರೆ ಬರೆಯುವವರು ಪಕ್ಷ ವಹಿಸಿದಂತೆ. ತಂಗಿಯ ನಿಲುವು ಸೋತುಹೋಗುತ್ತದೆ, ಅವಳೇನೂ ತಪ್ಪು ಮಾಡದೆ.

ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಅಕ್ಕನ ಮಾತುಗಳನ್ನಷ್ಟೇ ಒಂದು ಹಾಳೆಗೆ, ತಂಗಿಯವನ್ನು ಇನ್ನೊಂದಕ್ಕೆ ಬರೆದು ಗಟ್ಟಿಯಾಗಿ ಓದಿ. ಹಾಳೆ ಅದಲುಬದಲಾದರೂ ಗೊತ್ತಾಗದಂತಿದ್ದರೆ ಇಬ್ಬರೂ ನಿಮ್ಮ ದನಿಯಲ್ಲೇ ಮಾತಾಡುತ್ತಿದ್ದಾರೆ. ಆಮೇಲೆ ‘ಸಾವು’, ‘ನೆನಪು’, ‘ಮರೆವು’ ಎಂಬ ಮೂರು ಪದಗಳನ್ನು ಹುಡುಕಿ ಎಣಿಸಿ. ಮೂರು ಸಾವಿರ ಪದದಲ್ಲಿ ಒಂದೊಂದೂ ಮೂರು ಸಲಕ್ಕಿಂತ ಹೆಚ್ಚಾಗಿದ್ದರೆ, ವಸ್ತು ಮಾಡಬೇಕಾದ ಕೆಲಸವನ್ನು ಪದ ಮಾಡುತ್ತಿದೆ.

ಕೊನೆಯ ಭೇಟಿಗೆ, ಆ 120 ಪದಕ್ಕೆ, ಮೊದಲ ದೃಶ್ಯದ ವಸ್ತುವಿನಿಂದಲೇ ಹೊರಡಿ. ಅಕ್ಕ ಎಲ್ಲ ಫೋಟೊಗಳ ಬೆನ್ನಿಗೂ ಎಲ್ಲರ ಹೆಸರು ಬರೆದಳು. ತನ್ನ ಹೆಸರನ್ನು ಬರೆಯಲಿಲ್ಲ. ತಾನು ಯಾರೆಂದು ತನಗೆ ಗೊತ್ತಿತ್ತು, ಬರೆಯಬೇಕು ಅನ್ನಿಸಲೇ ಇಲ್ಲ. ಹನ್ನೆರಡು ವರ್ಷದ ಮೇಲೆ ಒಂದು ಮಗು ಫೋಟೊ ತಿರುಗಿಸಿ ತಿರುಗಿಸಿ ಹೆಸರು ಓದುತ್ತದೆ. “ನಡುವೆ ಕೂತಿರೋರು ಯಾರಜ್ಜಿ?” ತಂಗಿ ಕನ್ನಡಕ ಹುಡುಕದೆಯೇ ಹೇಳುತ್ತಾಳೆ, “ಅಕ್ಕ.” ಮಗು ಪೆನ್ಸಿಲ್ ತಂದು ಅದನ್ನೇ ಬರೆಯುತ್ತದೆ, ಒತ್ತಿ. ದೃಶ್ಯ ಅಲ್ಲಿಗೆ ನಿಲ್ಲಲಿ. ಆಮೇಲೆ ಒಂದು ಸಲ ಕಥೆಯನ್ನು ಮೊದಲಿನಿಂದ ಓದಿ, ಅಕ್ಕನ ಹೆಸರು ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಿ.